ನಂಬರ್ ಬಿದ್ದ ಹುಣಸೆ ಮರಗಳು

ಹುಣಸೆ ಮರಗಳಿಗೆ ನಂಬರ್ ಬಿದ್ದದ್ದನ್ನು ಮೊದಲು ಕಂಡವಳು ನಾನೇ. ಒಂದು ಭಾನುವಾರ ಬೆಳಗ್ಗೆ, ನೀರಾಟದ ಪಾರ್ಕಿನ ತೋಪಿನಲ್ಲಿ ಬುತ್ತಿಯ ಚೀಲ ಇಳಿಸಿ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದೆ. ಎದುರಿನ ಮರದ ಬೊಡ್ಡೆಗೆ ಬಿಳಿ ಪಟ್ಟಿ ಬಳಿದು, ಅದರ ಮೇಲೆ ಕಪ್ಪು ಬಣ್ಣದಲ್ಲಿ ಏಳು ಎಂದು ಬರೆದಿದ್ದರು. ಪಕ್ಕದ ಮರಕ್ಕೆ ಎಂಟು. ಎದ್ದು ಹೋಗಿ ಒಂದು ಸುತ್ತು ನೋಡಿ ಬಂದೆ. ಒಂದರಿಂದ ಹದಿನಾಲ್ಕರವರೆಗೆ, ಒಂದು ಹುಣಸೆ ಮರವನ್ನೂ ಬಿಟ್ಟಿರಲಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಇದನ್ನು ಬರೆಯುವಾಗಲೂ ಒತ್ತಕ್ಷರ ಬಂದಲ್ಲಿ ಕೈ ನಿಂತು ನಿಂತು ಹೋಗುತ್ತದೆ. ಆದರೆ ಮರದ ಮೇಲಿನ ಅಂಕೆ ಓದಲು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಹಿರಿಯೂರಿನ ಕಡೆ ರಸ್ತೆ ಅಗಲ ಮಾಡಿದಾಗ ಸಾಲುಮರಗಳಿಗೆಲ್ಲ ಹೀಗೆಯೇ ಪಟ್ಟಿ ಬಳಿದು ನಂಬರ್ ಹಾಕಿದ್ದರು. ನಮ್ಮೂರು ಯಲ್ಲದಕೆರೆಯಿಂದ ಸಂತೆಗೆ ಬಂದವರು ನಾವು ಆ ನೆರಳಿನಲ್ಲೇ ಬಸ್ಸಿಗೆ ಕಾಯುತ್ತಿದ್ದೆವು. ನಂಬರ್ ಬಿದ್ದ ಮೇಲೆ ಒಂದು ಮರವೂ ಉಳಿಯಲಿಲ್ಲ. ಅಂದಿನಿಂದ ನಮ್ಮ ಜನಕ್ಕೆ ಅದೇ ಲೆಕ್ಕ. ಯಾವುದಾದರೂ ಮರಕ್ಕೆ ನಂಬರ್ ಬಿದ್ದಿತೆಂದರೆ ಸೌದೆಗೆ ಯಾರು ಮಾತಾಡಿಕೊಂಡರು ಎಂದು ಕೇಳುತ್ತಾರೆಯೇ ಹೊರತು, ಯಾಕೆ ಹಾಕಿದರು ಎಂದು ಯಾರೂ ಕೇಳುವುದಿಲ್ಲ.

ಹಾಗಾಗಿ ನಾನು ಬುತ್ತಿ ಬಿಚ್ಚುವುದನ್ನೂ ಬಿಟ್ಟು ಆ ಅಂಕೆಗಳನ್ನೇ ನೋಡುತ್ತ ನಿಂತೆ. ಹದಿನಾಲ್ಕು ಹುಣಸೆ ಮರಕ್ಕೆ ಈ ಮುದುಕಿ ಇಷ್ಟು ಯಾಕೆ ಬೆದರಿದಳು ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ನನ್ನ ಮೊಮ್ಮಗಳ ವಿಷಯ ಹೇಳಬೇಕು.

ಅವಳಿಗೆ ಈಗ ಹನ್ನೊಂದು ವರ್ಷ. ಏಳು ವರ್ಷದವಳಿದ್ದಾಗ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ದೊಡ್ಡವರಿಗೆ ಬರುವಂಥದ್ದಲ್ಲ, ಇವಳ ಮೈಯೊಳಗೆ ಇನ್ಸುಲಿನ್ ಹುಟ್ಟುವುದೇ ನಿಂತುಹೋಗಿದೆ, ಊಟಕ್ಕೆ ಮುಂಚೆ ಸೂಜಿಯಿಂದ ಕೊಡಬೇಕು ಎಂದರು ಡಾಕ್ಟರು. ಅಜ್ಜಿ ಬೆಲ್ಲ ತಿನ್ನಿಸಿ ತಿನ್ನಿಸಿ ಹೀಗಾಯಿತು ಎಂದು ನೆಂಟರ ಬಾಯಲ್ಲಿ ಬಂತು. ನಾನೂ ಅದನ್ನೇ ನಂಬಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ಡಾಕ್ಟರು ನನ್ನನ್ನು ಒಳಗೆ ಕರೆಸಿ, "ನಿಮ್ಮ ಬೆಲ್ಲಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ಅಳೋದು ಬಿಟ್ಟು ಸೂಜಿ ಹಾಕೋದು ಕಲೀರಿ" ಎಂದರು. ಕಲಿತೆ. ಮಗ ಸೊಸೆ ಇಬ್ಬರೂ ಹಿರಿಯೂರಿನಲ್ಲಿ ಕೆಲಸಕ್ಕೆ ಹೋಗುವವರು, ಹಾಗಾಗಿ ಮೊದಲ ಎರಡು ವರ್ಷ ಮಧ್ಯಾಹ್ನದ ಸೂಜಿ ನನ್ನದೇ. ಆಮೇಲೆ ಅವಳೇ ಹಾಕಿಕೊಳ್ಳತೊಡಗಿದಳು.

ಸೂಜಿಗೆ ಅವಳು ಹೆದರಲಿಲ್ಲ. ಅವಳನ್ನು ಕುಗ್ಗಿಸಿದ್ದು ಜನರ ಕಣ್ಣು. ಮದುವೆ ಮನೆಯಲ್ಲಿ ಎಲ್ಲರ ಮುಂದೆ ಎಲೆ ಹಾಕಿದರೆ ಇವಳ ಮುಂದೆ ನಾನು ಮನೆಯಿಂದ ತಂದ ಡಬ್ಬಿ. "ಪಾಪ, ಇಷ್ಟು ಸಣ್ಣ ವಯಸ್ಸಿಗೆ" ಎಂದು ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವರು. ಶಾಲೆಯಿಂದ ಪ್ರವಾಸ ಹೊರಟಾಗ ಟೀಚರಮ್ಮ ಮನೆಗೇ ಬಂದು, ದಾರಿಯಲ್ಲಿ ಏನಾದರೂ ಆದರೆ ನನಗೆ ಗೊತ್ತಾಗುವುದಿಲ್ಲ, ತಪ್ಪು ತಿಳಿಯಬೇಡಿ ಎಂದು ಕೈ ಮುಗಿದರು. ಒಳ್ಳೆಯ ಹೆಣ್ಣುಮಗಳು, ನಿಜವಾಗಿಯೂ ಹೆದರಿದ್ದಳು. ಆದರೆ ಬಸ್ಸು ಹೋದ ದಿನ ನನ್ನ ಮೊಮ್ಮಗಳು ಊಟವನ್ನೇ ಬೇಡವೆಂದಳು. ಊಟ ಬೇಡ ಎನ್ನುವಂತಿಲ್ಲವಲ್ಲ ಆ ಕಾಯಿಲೆಯಲ್ಲಿ!

ಆವತ್ತೇ ನಾನು, ನಡಿ, ನಾವಿಬ್ಬರೇ ಹೋಗಾಣ ಎಂದು ಮುಂದಿನ ಭಾನುವಾರ ಈ ಪಾರ್ಕಿಗೆ ಕರೆತಂದೆ. ಹಿರಿಯೂರಿಗೂ ದುರ್ಗಕ್ಕೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಕ್ಕೆ ಇದೆ. ಜಾರುಬಂಡೆಗಳು, ಸಮುದ್ರದಂತೆ ಅಲೆ ಬರುವ ಕೊಳ, ಕೃತಕ ಮಳೆ, ಎಲ್ಲ ಇದೆ. ಸೀರೆಯುಟ್ಟು ನೀರಿಗಿಳಿಯುವಂತಿಲ್ಲ, ಅವರೇ ಬಾಡಿಗೆಗೆ ಕೊಡುವ ನೈಲಾನ್ ಬಟ್ಟೆ ಹಾಕಬೇಕು. ನೀಲಿ ಅಂಗಿ, ಮೊಣಕಾಲು ದಾಟಿದ ಚಡ್ಡಿ ಹಾಕಿಕೊಂಡು ನಾನು ಹೊರಗೆ ಬಂದಾಗ ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೇ ಕೂತುಬಿಟ್ಟಳು. "ಅಜ್ಜಿ, ಥೇಟ್ ನಮ್ಮ ಪಿ.ಟಿ. ಮೇಷ್ಟ್ರು!" ಎಂದಳು. ಆ ನಗುವಿಗಾಗಿ ನಾನು ಆ ಚಡ್ಡಿಯಲ್ಲೇ ಊರು ಸುತ್ತಿಬರುವುದಕ್ಕೂ ಸಿದ್ಧಳಿದ್ದೆ. ಜಾರುಬಂಡೆಯಲ್ಲಿ ಮೊದಲ ಸಲ ಬಿದ್ದಾಗ ಜೀವ ಬಾಯಿಗೆ ಬಂತು, ಎರಡನೆಯ ಸಲ ನಾನೇ ಮೊದಲು ಹೋಗಿ ಸಾಲಿನಲ್ಲಿ ನಿಂತೆ. ನಾಲ್ಕು ವರ್ಷವಾಯಿತು, ರಜೆ ಸಿಕ್ಕರೆ ನಾವಿಬ್ಬರೂ ಅಲ್ಲೇ. ಸಿನಿಮಾದವರಿಗೆ ಅಭಿಮಾನಿಗಳು ಇರುತ್ತಾರಲ್ಲ, ಹಾಗೆ ನಾವು ಆ ಪಾರ್ಕಿನ ಅಭಿಮಾನಿಗಳು.

ಆದರೆ ನಮ್ಮನ್ನು ಹಿಡಿದಿಟ್ಟದ್ದು ನೀರಿಗಿಂತ ಹೆಚ್ಚಾಗಿ ಆ ತೋಪು. ಆಡುವ ಜಾಗಕ್ಕೆ ತಿಂಡಿ ಒಯ್ಯುವಂತಿಲ್ಲ. ಒಳಗೆ ಅವರದೇ ಕ್ಯಾಂಟೀನು. ಆದರೆ ಮೊದಲ ಗೇಟು ದಾಟಿದರೆ ಎಡಕ್ಕೆ ಹುಣಸೆ ತೋಪು, ಅಲ್ಲಿ ಬುತ್ತಿ ಬಿಚ್ಚಬಹುದು. ಟಿಕೆಟ್ಟಿನ ಜೊತೆ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟುತ್ತಾರೆ, ಅದಿದ್ದರೆ ನೀರಿನಿಂದ ಎದ್ದು ಬಂದು ಉಂಡು ಮತ್ತೆ ಒಳಗೆ ಹೋಗಬಹುದು. ನಮ್ಮ ಸೀಮೆಯ ಜನ ಗೊತ್ತಲ್ಲ, ಒಂದು ಗಂಟೆಯ ದಾರಿಗೂ ಬುತ್ತಿ ಕಟ್ಟುವವರು. ಹೊಳಲ್ಕೆರೆಯವರು, ಹೊಸದುರ್ಗದವರು, ದುರ್ಗದವರು ಎಲ್ಲರೂ ಬಟ್ಟೆ ಹಾಸಿ ಕೂರುತ್ತಾರೆ. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ, ಕರಿದ ಬಾಳಕದ ಮೆಣಸಿನಕಾಯಿ, ಮಂಡಕ್ಕಿ. ಪಕ್ಕದ ಹಾಸಿನವರಿಗೆ ಒಂದು ತುತ್ತಾದರೂ ದಾಟಿಸದೆ ತಾವು ಬಾಯಿಗಿಡುವುದಿಲ್ಲ. ಅಲ್ಲಿ ಎಲ್ಲರ ಮುಂದೆಯೂ ಮನೆಯ ಡಬ್ಬಿಯೇ. ನನ್ನ ಮೊಮ್ಮಗಳ ಡಬ್ಬಿಯನ್ನು ಯಾರೂ ತಿರುಗಿ ನೋಡುವುದಿಲ್ಲ. ಬೇವಿನ ಮರದ ಹಿಂದೆ ಹೋಗಿ ನಾನು ಸೆರಗು ಮರೆ ಹಿಡಿದರೆ ಅವಳು ಸೂಜಿ ಹಾಕಿಕೊಂಡು ಬಂದು ಊಟಕ್ಕೆ ಕೂರುತ್ತಿದ್ದಳು. ಅಷ್ಟೇ, ಯಾರಿಗೂ ಗೊತ್ತಿಲ್ಲ. ಹದಿನಾಲ್ಕು ಹುಣಸೆಯ ನಡುವೆ ಅದೊಂದೇ ಬೇವು, ನಮ್ಮ ಕಾಯಂ ಜಾಗ.

ನಂಬರ್ ಬೀಳುವುದಕ್ಕೆ ಒಂದು ವಾರ ಮೊದಲು ಗೇಟಿನ ಮೇಲೆ ದೊಡ್ಡ ಬ್ಯಾನರ್ ಬಂದಿತ್ತು. ಪಾರ್ಕು ದೊಡ್ಡದಾಗುತ್ತದೆ, ಹೊಸ ಕೊಳ, ಇನ್ನೂ ಎತ್ತರದ ಜಾರುಬಂಡೆ, ಜೊತೆಗೆ ಉಳಿದುಕೊಳ್ಳಲು ಒಂದು ರೆಸಾರ್ಟ್ ಹೋಟೆಲು. ಚಿತ್ರದಲ್ಲಿ ಹೋಟೆಲಿನ ಮುಂದೆ ನಮ್ಮ ಕಡೆ ಎಲ್ಲೂ ಬೆಳೆಯದ ಯಾವುದೋ ತಾಳೆಯಂಥ ಮರಗಳು, ಕೊಡೆಯ ಕೆಳಗೆ ಕನ್ನಡಕ ಹಾಕಿ ಮಲಗಿದ ಜನ. ಹುಣಸೆ ಮರ ಹುಡುಕಿದರೂ ಕಾಣಲಿಲ್ಲ.

ಪಾರ್ಕಿಗೆ ಮೇಲಿಂದ ಮೇಲೆ ಬರುವ ನಮ್ಮಂಥವರದ್ದು ಫೋನಿನಲ್ಲಿ ಒಂದು ಗ್ರೂಪಿದೆ. ದುರ್ಗದ ಕಾಲೇಜು ಹುಡುಗಿಯೊಬ್ಬಳು ಮಾಡಿದ್ದು. ಬ್ಯಾನರ್ ಬಂದ ದಿನದಿಂದ ಆ ಗ್ರೂಪಿಗೆ ಉಸಿರಾಡಲು ಪುರುಸೊತ್ತಿಲ್ಲ. ನಾನು ಓದುವುದು ನಿಧಾನವೆಂದು ಮೊಮ್ಮಗಳು ವಾಯ್ಸ್ ಮೆಸೇಜುಗಳನ್ನು ಒಂದೊಂದಾಗಿ ಹಚ್ಚಿ ಕೇಳಿಸುವಳು.

ಮೊದಲು ಆ ದುರ್ಗದ ಹುಡುಗಿಯ ಕಿರುಚಾಟ: "ಹೋಟ್ಲಲ್ಲಿ ಉಳ್ಕಂಡೋರ್ನ ಗೇಟ್ ತೆಗೆಯಾಕೆ ಮುಂಚೆನೇ ನೀರಿಗೆ ಬಿಡ್ತಾರಂತೆ ಕಣ್ರೀ! ಇಡೀ ಕೊಳ ನಮ್ದೇ!"

ಆಮೇಲೆ ಹೊಸದುರ್ಗದ ವ್ಯಾನ್ ಡ್ರೈವರು. ವಾರವೆಲ್ಲ ಶಾಲೆಯ ಮಕ್ಕಳನ್ನು ಸಾಗಿಸಿ, ಭಾನುವಾರ ಅದೇ ವ್ಯಾನಿನಲ್ಲಿ ತನ್ನ ಓಣಿಯವರನ್ನೆಲ್ಲ ಪಾರ್ಕಿಗೆ ತುಂಬಿಕೊಂಡು ಬರುವ ಮನುಷ್ಯ. "ಹೊಸಾ ಜಾರುಬಂಡೆ ಎಷ್ಟೆತ್ರ ಅಂತೀರಿ! ಮೇಲಿಂದ ಬಿಟ್ರೆ ಸೀದಾ ಹೊಸದುರ್ಗದ ಬಸ್‌ಸ್ಟ್ಯಾಂಡಾಗೆ ಇಳೀಬೌದು. ನನ್ ವ್ಯಾನಿಗೆ ಕೆಲ್ಸನೇ ಇರಲ್ಲ."

ಎಲ್ಲರ ಕುಣಿದಾಟದ ನಡುವೆ ಹೊಳಲ್ಕೆರೆಯಲ್ಲಿ ರವಿಕೆ ಹೊಲಿಯುವ ಹೆಂಗಸಿನ ದನಿ ಬಂತು. ಎರಡು ಮಕ್ಕಳ ತಾಯಿ, ತೋಪಿನಲ್ಲಿ ಏಳನೇ ಮರ ಅಂದೆನಲ್ಲ, ಅದರ ಕೆಳಗೆ ಕೂರುವವಳು. "ಎಲ್ಲಾ ಸರಿ. ಹೋಟ್ಲು ಬಂದ್ಮೇಲೆ ಬುತ್ತಿ ಬಿಡ್ತಾರಾ ಇಲ್ವಾ? ಮೊದ್ಲು ಅದು ಹೇಳ್ರಿ."

ಡ್ರೈವರು ತಕ್ಷಣ, "ಅಕ್ಕೋ, ನೀವು ನೀರಾಡಾಕೆ ಬರ್ತೀರೋ ರೊಟ್ಟಿ ತಿನ್ನಾಕೆ ಬರ್ತೀರೋ?"

"ಎರಡಕ್ಕೂ ಕಣಪ್ಪ. ಹೋದ್ ವಾರ ನಮ್ ಡಬ್ಬಿಯಾಗೆ ನಾಲ್ಕು ರೊಟ್ಟಿ ಯಾರು ಬಾರಿಸಿದ್ದು, ಹೇಳ್ಲಾ ಗ್ರೂಪಿನಾಗೆ?"

ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಆದರೆ ಆ ಹೆಂಗಸಿನ ಪ್ರಶ್ನೆ ನನ್ನೊಳಗೆ ಕೂತುಬಿಟ್ಟಿತು. ಅದಕ್ಕೆ ಗ್ರೂಪಿನಲ್ಲಿ ಯಾರೂ ಉತ್ತರ ಕೊಟ್ಟಿರಲಿಲ್ಲ. ಆಮೇಲೆ ಬಂದ ಭಾನುವಾರವೇ ನಾನು ನಂಬರುಗಳನ್ನು ಕಂಡದ್ದು.

ಮೊಮ್ಮಗಳು ಟಿಕೆಟ್ಟಿನ ಸಾಲಿನಿಂದ ಓಡಿ ಬಂದವಳೇ, "ಅಜ್ಜಿ, ಮರಗಳಿಗೂ ರೋಲ್ ನಂಬರ್ ಕೊಟ್ಟವ್ರೆ ನೋಡು! ನಮ್ ಬೇವಿನ ಮರ ಮಾತ್ರ ಸ್ಕೂಲಿಗೇ ಸೇರಿಲ್ಲ!" ಎಂದು ನಕ್ಕಳು. ತಿರುಗಿ ನೋಡಿದೆ. ನಿಜ, ಬೇವಿಗೆ ನಂಬರ್ ಇರಲಿಲ್ಲ.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಆ ಗಳಿಗೆಯಲ್ಲಿ ನನಗೆ ಒಳಗೊಳಗೇ ಸಮಾಧಾನವಾಯಿತು. ಎಲ್ಲ ಹೋದರೂ ನಮ್ಮದೊಂದು ಉಳಿಯುತ್ತದಲ್ಲ ಎಂದುಕೊಂಡೆ. ಏಳನೇ ಮರದ ಕೆಳಗೆ ಹೊಳಲ್ಕೆರೆಯವಳು ಮಕ್ಕಳಿಗೆ ಕೈ ತೊಳೆಸುತ್ತಿದ್ದಳು, ಅವಳ ಮುಖ ನೋಡಲು ನಾಚಿಕೆಯಾಯಿತು. ಬಳಿಗೆ ಹೋಗಿ, "ನೋಡಿದೇನಮ್ಮ?" ಎಂದೆ. ಅವಳು ತಲೆಯೆತ್ತಿ ಅಂಕೆ ನೋಡಿದಳು. ಅವಳಿಗೂ ವಿವರಿಸಿ ಹೇಳಬೇಕಾಗಲಿಲ್ಲ. "ಅಯ್ಯೋ, ಮುಗೀತು ಬಿಡ್ರಿ" ಎಂದು ಮಗನ ಒದ್ದೆ ಕೈಯನ್ನು ಹಾಗೇ ಹಿಡಿದು ನಿಂತಳು.

ಮಧ್ಯಾಹ್ನದೊಳಗೆ ಹದಿನಾಲ್ಕು ಮರದ ಫೋಟೋ ಗ್ರೂಪಿಗೆ ಬಿತ್ತು. ವಾರವೆಲ್ಲ ಜಗಳ. ಹೋಟೆಲು ಬರುವುದು ಬೇಡ ಎಂದು ಕೆಲವರು. ಮರ ಎಲ್ಲಾದರೂ ಇರುತ್ತದೆ, ಅಷ್ಟೆತ್ತರದ ಜಾರುಬಂಡೆ ನಮ್ಮ ಜಿಲ್ಲೆಗೆ ಬರುವುದು ಯಾವಾಗ ಎಂದು ಕೆಲವರು. ಹೊಸದುರ್ಗದವನು ಮೊದಲ ಬಾರಿಗೆ ತಮಾಷೆ ಬಿಟ್ಟು, "ಬುತ್ತಿ ಇಲ್ದಿದ್ರೆ ನಮ್ ಓಣಿಯೋರು ವ್ಯಾನ್ ಹತ್ತಲ್ಲ. ನಾನೊಬ್ನೇ ಬಂದು ಜಾರ್ಲಾ?" ಎಂದ.

ಇದನ್ನೆಲ್ಲ ಮೊಮ್ಮಗಳಿಂದ ಮರೆಮಾಡಲು ನೋಡಿದೆ. ಫೋನು ಅವಳ ಕೈಯಲ್ಲೇ ಇರುವಾಗ ಎಂಥ ಮರೆ! ಬುಧವಾರ ಶಾಲೆಯಿಂದ ಬಂದವಳು ಚೀಲ ಇಳಿಸದೆ ಕೇಳಿದಳು.

"ತೋಪು ಕಡಿತಾರಂತೆ, ಹೌದಾ?"

"ಹಂಗಂತಾರೆ ಕಣೇ. ನಮ್ ಬೇವಿಗೆ ನಂಬರ್ ಇಲ್ಲ ನೋಡು, ಅದು ಇರ್ತೈತೆ."

"ಅದೊಂದೇ ಇಟ್ಕಂಡು ಏನ್ ಮಾಡಾಣ? ಎಲ್ರೂ ಒಳಗೆ ಕ್ಯಾಂಟೀನಾಗೆ ತಿಂತಿರ್ತಾರೆ, ನಾವಿಬ್ರೇ ಅಲ್ಲಿ ಡಬ್ಬಿ ಬಿಚ್ಕಂಡು ಕುಂತ್ಕಬೇಕಾ?"

ಆಗ ನನ್ನ ಮಗ ಮುಖ ತೊಳೆದು ಬಂದವನು, "ಅದಕ್ಯಾಕೆ ತಲೆ ಕೆಡಿಸ್ಕಂತೀಯ ಪುಟ್ಟಿ? ಡಾಕ್ಟ್ರ ಹತ್ರ ಚೀಟಿ ತರ್ತೀನಿ. ತೋರಿಸಿದ್ರೆ ಕ್ಯಾಂಟೀನೊಳಗೇ ನಿನ್ ಡಬ್ಬಿ ತಿನ್ನಾಕೆ ಬಿಡ್ತಾರೆ" ಎಂದ.

"ಚೀಟಿ ತೋರಿಸಿ ತಿನ್ನಾಕೆ ನಾನೇನ್ ಆಸ್ಪತ್ರೆಗೆ ಹೋಗಿರ್ತೀನಾ?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, "ನಾನು ಇನ್ನು ಬರಲ್ಲ ಬಿಡಜ್ಜಿ. ನೀನು ಬೇಕಾದ್ರೆ ಹೋಗು" ಎಂದಳು. ಅವಳು ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಅಳಲಿಲ್ಲ. ಶಾಲೆಯ ಪ್ರವಾಸ ಹೋದ ದಿನ ಕಂಡಿದ್ದ ಮುಖವೇ ಮತ್ತೆ ಬಂದಿತ್ತು.

ನಾನು ಅಲ್ಲಿಯವರೆಗೆ ಗ್ರೂಪಿನಲ್ಲಿ ಒಂದು ಮಾತೂ ಆಡಿದವಳಲ್ಲ. ಆವತ್ತು ಸೊಸೆಯಿಂದ ಗುಂಡಿ ಒತ್ತಿಸಿಕೊಂಡು ಮಾತಾಡಿದೆ. "ನಾನು ಹಿರಿಯೂರಿನ ಅಜ್ಜಿ, ಬೇವಿನ ಮರದ್ದು. ಜಗಳ ಆಡಿ ಏನು ಬಂತು? ಈ ಭಾನುವಾರ ಎಲ್ರೂ ಬರ್ರಿ. ಬುತ್ತಿ ತರ್ರಿ. ಒಂದೊಂದು ಮರದಡಿ ಕುಂತ್ಕಳಾಣ. ಪಾರ್ಕಿನೋರ್ನೇ ಕರೆದು ಉಣ್ಣಾಕೆ ಇಕ್ಕಿ ಕೇಳಾಣ." ಇಷ್ಟು ಹೇಳುವಷ್ಟರಲ್ಲಿ ಜಾರುಬಂಡೆಯಲ್ಲಿ ಬಿದ್ದಂತೆ ಎದೆ ಹೊಡೆದುಕೊಳ್ಳುತ್ತಿತ್ತು.

ಮೊಮ್ಮಗಳನ್ನು ಒಪ್ಪಿಸಲು ಕಷ್ಟವಾಯಿತು. ಕೊನೆಗೆ, "ಬಾ, ಮರಗಳ ಮುಖನಾದ್ರೂ ನೋಡ್ಕಂಡು ಬರಾಣ" ಎಂದು ಎಳೆದುಕೊಂಡು ಹೊರಟೆ. ಚೀಲದಲ್ಲಿ ರೊಟ್ಟಿ, ಚಟ್ನಿ. ಸೊಂಟದ ಹತ್ತಿರ ಅವಳ ಇನ್ಸುಲಿನ್ ಇಟ್ಟ ಮಣ್ಣಿನ ಕುಡಿಕೆ, ತಂಪಾಗಿರಲೆಂದು ಒದ್ದೆ ಬಟ್ಟೆ ಸುತ್ತಿದ್ದು.

ಹೋಗಿ ನೋಡುತ್ತೇನೆ, ತೋಪಿನಲ್ಲಿ ಕಾಲಿಡಲು ಜಾಗವಿಲ್ಲ. ಹೊಸದುರ್ಗದವನು ಎರಡು ವ್ಯಾನು ಜನ ತಂದಿದ್ದ. ಹೊರಕೆರೆದೇವಪುರದ ಕಡೆಯಿಂದ ಬಂದವರೂ ಇದ್ದರು. "ನಂದು ಹನ್ನೊಂದು", "ನಮ್ದು ಮೂರು" ಎಂದು ಬಸ್ಸಿನ ಸೀಟು ಹಿಡಿದಂತೆ ಮರ ಹಿಡಿದು ಕೂತಿದ್ದರು. ಟಿಕೆಟ್ ಕೊಂಡು ಪಟ್ಟಿ ಕಟ್ಟಿಸಿಕೊಂಡವರೆಲ್ಲ ನೀರಿಗಿಳಿಯದೆ ತೋಪಿನಲ್ಲೇ ಕೂತಿದ್ದನ್ನು ಕಂಡು ಗೇಟಿನ ಕಾವಲುಗಾರನಿಗೆ ಗಾಬರಿ. "ಏನ್ರಿ ಇದು, ನೀರು ತಣ್ಣಗೈತೆ ಅಂತ ಯಾರಾದ್ರೂ ಹೇಳಿದ್ರಾ?" ಎಂದು ಕೇಳಿ ಒಳಗೆ ಓಡಿದ.

ಮ್ಯಾನೇಜರು ಬಂದ. ನನ್ನ ಮಗನಿಗಿಂತ ಚಿಕ್ಕವನು. ಜೊತೆಗೆ ಕೆಲಸ ನೋಡಲು ಬಂದಿದ್ದ ಇಂಜಿನಿಯರು, ಕಂಕುಳಲ್ಲಿ ಸುತ್ತಿದ ದೊಡ್ಡ ಕಾಗದ. ಎಲ್ಲರೂ ನನ್ನ ಕಡೆ ನೋಡಿದರು. ಕರೆದವಳು ನಾನಲ್ಲವೇ.

"ಕುಂತ್ಕಳ್ರಿ ಇಬ್ರೂ. ಮೊದ್ಲು ಒಂದು ರೊಟ್ಟಿ ತಿನ್ರಿ" ಎಂದೆ.

"ಇಲ್ಲಮ್ಮ, ತಿಂಡಿ ಆಗಿದೆ. ಏನು ವಿಷಯ..."

"ವಿಷಯ ಓಡೋಗಲ್ಲ. ನಿಂತ್ಕಂಡೋರ ಜೊತೆ ನಾವು ಮಾತಾಡಲ್ಲ."

ಕೂತರು. ಮ್ಯಾನೇಜರು ರೊಟ್ಟಿ ಮುರಿದು ಚಟ್ನಿ ಹಚ್ಚಿ ಬಾಯಿಗಿಟ್ಟ. ಆಗ ಕೇಳಿದೆ. "ಯಾವಾಗ ಕಡಿಸ್ತೀಯಪ್ಪ?"

"ಏನನ್ನಮ್ಮ?"

"ಇವುನ್ನ" ಎಂದು ಹದಿನಾಲ್ಕಕ್ಕೂ ಕೈ ಬೀಸಿದೆ.

ಅವನಿಗೆ ಖಾರ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಹೊಳಲ್ಕೆರೆಯವಳು ನೀರು ಕೊಟ್ಟು, "ಕೆಮ್ಮಿದ್ರೆ ಬಿಡಲ್ಲ, ಹೇಳ್ರಿ ಸಾರ್. ನಂಬರ್ ಹಾಕ್ಸಿದೀರಲ್ಲ?" ಎಂದಳು.

"ನಂಬರ್ ಹಾಕಿರೋದು ಉಳಿಸೋಕೆ!" ಎಂದ ಇಂಜಿನಿಯರು. ಅವನು ರೊಟ್ಟಿ ಕೆಳಗಿಟ್ಟು ಕಾಗದ ಬಿಚ್ಚಿ ನಮ್ಮ ಹಾಸಿನ ಮೇಲೆಯೇ ಹರಡಿದ. ಹೋಟೆಲು ಕಟ್ಟುವುದು ಹಿಂದಿನ ಕಲ್ಲು ದಿಣ್ಣೆಯ ಮೇಲೆ. ತೋಪಿನ ಜಾಗದಲ್ಲಿ ಹದಿನಾಲ್ಕು ಹಸಿರು ಸುತ್ತು, ಒಂದೊಂದರೊಳಗೂ ಒಂದು ಅಂಕೆ. ಜಲ್ಲಿ ಲಾರಿಯವರು ಅಡ್ಡ ಬಂತೆಂದು ಕೊಂಬೆ ಕಡಿದರೆ, ಯಾವ ಮರವೆಂದು ಹಿಡಿದು ಕೇಳಲು ಲೆಕ್ಕ ಇರಬೇಕಲ್ಲ, ಅದಕ್ಕೆ ನಂಬರ್ ಎಂದ. "ಕಡಿತೀವಿ ಅಂತ ನಿಮಗೆ ಹೇಳಿದ್ದು ಯಾರು?"

ಯಾರೂ ಹೇಳಿರಲಿಲ್ಲ. ಹದಿನಾಲ್ಕು ಮರದ ಕೆಳಗಿದ್ದವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊದಲು ನಕ್ಕವನು ಹೊಸದುರ್ಗದವನು. "ಲೇ, ಒಂದು ವಾರದಿಂದ ಸತ್ತೋರಿಗೆ ಅತ್ತಂಗೆ ಅತ್ವಲ್ಲೋ! ಹೆಣ ಎದ್ದು ಕುಂತ್ಕಂಡು ರೊಟ್ಟಿ ಕೇಳ್ತೈತೆ!" ತೋಪಿಗೆ ತೋಪೇ ನಕ್ಕಿತು. ನನಗೆ ನಗುವೂ ಅಳುವೂ ಒಟ್ಟಿಗೆ ಬಂದು, ಸೆರಗಿನಲ್ಲಿ ಮುಖ ಒರೆಸಿಕೊಂಡೆ.

"ಬುತ್ತಿ?" ಎಂದು ಕೇಳಿದಳು ಹೊಳಲ್ಕೆರೆಯವಳು. ಅವಳು ಬಿಡುವವಳಲ್ಲ.

ಮ್ಯಾನೇಜರು ಮೂಗು ಒರೆಸಿಕೊಂಡು, "ಬುತ್ತಿ ಬೇಡ ಅಂದ್ರೆ ಈ ನಾಲ್ಕು ತಾಲ್ಲೂಕಿಂದ ಒಂದು ವ್ಯಾನೂ ಬರಲ್ಲ, ನಮಗೆ ಗೊತ್ತಿಲ್ವಾ? ಹೋಟ್ಲು ಹೊರಗಿನೋರಿಗೆ. ನಿಮಗೆ ಇಲ್ಲಿ ನಲ್ಲಿ, ಕೂರಾಕೆ ಕಲ್ಲು ಬೆಂಚು ಹಾಕ್ತೀವಿ. ಬ್ಯಾನರಾಗೆ ಇದನ್ನ ಬರೆಸಬೇಕಿತ್ತು, ನಮ್ದೇ ತಪ್ಪು" ಎಂದ. ಆ ಮಾತಿಗೆ ಅವನ ತಟ್ಟೆಗೆ ಇನ್ನೆರಡು ರೊಟ್ಟಿ ಬಿದ್ದವು.

ಆಗ ಯಾರೋ ಕೇಳಿದರು, "ಹಂಗಾದ್ರೆ ನಂಬರ್ ಇಲ್ದಿರೋ ಮರ?"

ಇಂಜಿನಿಯರು ನಮ್ಮ ಬೇವನ್ನು ತೋರಿಸಿದ. "ಅದೊಂದು ಹೋಗುತ್ತೆ. ಒಳಗೆಲ್ಲ ಟೊಳ್ಳು. ಗಾಳಿಗೆ ಬಿದ್ರೆ ಯಾರ ತಲೆ ಮೇಲೋ ಬೀಳುತ್ತೆ."

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಉಳಿಯುವುದು ನಮ್ಮದೊಂದೇ ಎಂದು ಒಳಗೊಳಗೇ ಹಿಗ್ಗಿದ್ದೆನಲ್ಲ, ಅದಕ್ಕೆ ತಕ್ಕ ಶಾಸ್ತಿಯಾಯಿತು. ಬೊಡ್ಡೆಯ ಮೇಲೆ ಕೈಯಿಟ್ಟು ತಟ್ಟಿ ನೋಡಿದೆ, ಮಡಕೆ ತಟ್ಟಿದಂತೆ ಸದ್ದು ಬಂತು. ನಾಲ್ಕು ವರ್ಷ ನೆರಳು ಕೊಟ್ಟ ಮರ ಅದು. ಮೊಮ್ಮಗಳು ಏನನ್ನುವಳೋ ಎಂದು ಅಳುಕುತ್ತ ತಿರುಗಿದೆ. ಅವಳು ಆಗಲೇ ಹಾಸು ಮಡಿಸುತ್ತಿದ್ದಳು. "ಏಳಜ್ಜಿ, ಏಳನೇ ಮರಕ್ಕೆ ಹೋಗಾಣ. ಜಾಗ ಐತೆ ಅಂದ್ರು ಅಕ್ಕ" ಎಂದಳು.

ಏಳನೇ ಮರದ ಕೆಳಗೆ ಆಗಲೇ ಎರಡು ಮನೆಯವರಿದ್ದರು. ಸುತ್ತ ಜನ, ಹಿಂದೆ ಮುಂದೆ ಮಕ್ಕಳು. ಊಟದ ಹೊತ್ತಾಯಿತು. ಸೂಜಿ ಹಾಕಿಕೊಳ್ಳಲು ಮರದ ಮರೆಯೆಂಬುದೇ ಇಲ್ಲ. ನಾನು ಸೆರಗು ಹಿಡಿಯಲು ಎದ್ದರೆ ಅವಳು, "ಬಿಡಜ್ಜಿ, ಎಷ್ಟು ಕಡೆ ಅಂತ ಹಿಡೀತೀಯ" ಎಂದು ನನ್ನನ್ನು ಕೂರಿಸಿ, ಚೀಲದಿಂದ ರಕ್ತ ನೋಡುವ ಮಿಷನ್ನು ತೆಗೆದಳು.

ಹೊಳಲ್ಕೆರೆಯವಳ ಮಗಳು ತುತ್ತು ಕೈಯಲ್ಲೇ ಇಟ್ಟುಕೊಂಡು ಬಗ್ಗಿ ಕೇಳಿದಳು. "ಅದೇನದು? ಫೋನಾ?"

"ಶುಗರ್ ನೋಡೋದು. ನಂಗೆ ಶುಗರ್ ಐತೆ."

"ನೋವಾಗಲ್ವಾ?"

"ಸೊಳ್ಳೆ ಕಚ್ಚಿದಷ್ಟು. ಎಷ್ಟು ಬರ್ತೈತೆ ಹೇಳು ನೋಡಾಣ. ಸರಿಯಾಗಿ ಹೇಳಿದೋರು ಗೆದ್ದಂಗೆ."

ಮನೆಗೆ ಬಂದವರಿಗೂ ಅವಳು ಆ ಮಿಷನ್ನು ತೋರಿಸಿದವಳಲ್ಲ. ಆ ಹುಡುಗಿ "ನೂರು!" ಎಂದಳು. ಅವಳ ತಮ್ಮ "ಇನ್ನೂರು!" ಎಂದು ಕೂಗಿದ. ಆ ಕೂಗಿಗೆ ಪಕ್ಕದ ಮರದ ಮಕ್ಕಳೂ ಓಡಿ ಬಂದರು. ಅದರಲ್ಲೊಬ್ಬ ಬೆರಳು ಚಾಚಿ "ನಂದೂ ನೋಡು, ನಂದೂ ನೋಡು" ಎಂದದ್ದಕ್ಕೆ ನನ್ನ ಮೊಮ್ಮಗಳು ಡಾಕ್ಟರಮ್ಮನಂತೆ ಗದರಿಸಿದಳು. "ಒಬ್ಬರ ಸೂಜಿ ಇನ್ನೊಬ್ಬರಿಗೆ ಹಾಕಂಗಿಲ್ಲ. ನೀನು ಲೆಕ್ಕ ಹೇಳು, ಸಾಕು."

ಬೆರಳು ಚುಚ್ಚಿಕೊಂಡಳು. ಏಳೆಂಟು ತಲೆಗಳು ಆ ಪುಟ್ಟ ಮಿಷನ್ನಿನ ಮೇಲೆ ಬಾಗಿದವು. ನೂರಾ ಹದಿನೆಂಟು. ನೂರು ಎಂದಿದ್ದವಳು ಗೆದ್ದೆನೆಂದು ಕುಣಿದಳು, ಉಳಿದವರು ಮೋಸ ಮೋಸ ಎಂದು ಕೂಗಿದರು. ಆ ಗದ್ದಲದಲ್ಲೇ ನನ್ನ ಮೊಮ್ಮಗಳು ಅಂಗಿಯ ಅಂಚು ಎತ್ತಿ ಹೊಟ್ಟೆಗೆ ಸೂಜಿ ಹಾಕಿಕೊಂಡಳು. ಯಾರೂ ಪಾಪ ಎನ್ನಲಿಲ್ಲ. ಅವರಿಗೆ ಮುಂದಿನ ಸಲ ಎಷ್ಟು ಹೇಳಬೇಕೆಂಬುದೇ ಚಿಂತೆಯಾಗಿತ್ತು.

"ಅಜ್ಜಿ, ಇವಳಿಗೂ ಒಂದು ರೊಟ್ಟಿ ಕೊಡು, ಗೆದ್ದವಳೆ" ಎಂದಳು ಮೊಮ್ಮಗಳು. ಕೊಟ್ಟೆ. ಸೋತವರಿಗೂ ಕೊಟ್ಟೆ. ಎದುರಿಗೆ ಕೂತಿದ್ದ ಹೊಳಲ್ಕೆರೆಯವಳು ಏನೂ ಕೇಳದೆ ತನ್ನ ಮೊಸರನ್ನದ ಡಬ್ಬಿಯನ್ನು ನನ್ನ ಕಡೆ ತಳ್ಳಿ, "ಉಣ್ರಿ ಅಜ್ಜಿ, ಅವುರ್ನ ನೋಡ್ತಾ ಕುಂತ್ರೆ ಹೊಟ್ಟೆ ತುಂಬ್ತೈತಾ" ಎಂದಳು. ನನಗೆ ನಿಜವಾಗಿಯೂ ತುಂಬಿತ್ತು. ಆದರೂ ಉಂಡೆ, ಎರಡು ಸಲ ಹಾಕಿಸಿಕೊಂಡು ಉಂಡೆ.